ಲಕ್ಷ ರೂಪಾಯಿಯ ಹೊಸ ಗಿಟಾರ್‌ನಲ್ಲಿ ದೋಷ: ಹವೆಯದೋ, ಕಾರ್ಖಾನೆಯದೋ?

ಒಂದೂವರೆ, ಎರಡು ಲಕ್ಷ ಕೊಟ್ಟು ತರಿಸಿದ ಎಲೆಕ್ಟ್ರಿಕ್ ಗಿಟಾರ್ ಮೊದಲ ದಿನವೇ ಝರ್ ಅಂದರೆ ಹೊಟ್ಟೆ ಉರಿಯುತ್ತದೆ. ಅಂಗಡಿಗೆ ಫೋನ್ ಮಾಡಿದರೆ ಸಿಗುವ ಉತ್ತರ ಗೊತ್ತಲ್ಲ: "ನಿಮ್ಮ ಕಡೆ ಮಳೆ ಜಾಸ್ತಿ ಅಲ್ವಾ ಸರ್, ಹವೆಗೆ ಹಾಗಾಗಿರುತ್ತೆ." ಕೊಡಗಿನ ವಿಳಾಸ ನೋಡಿದ ಕೂಡಲೇ ಈ ಮಾತು ಬರುತ್ತದೆ. ಕೆಲವು ಸಲ ಅದು ನಿಜವೂ ಹೌದು. ಆದರೆ ತಿರುಚಿದ ನೆಕ್ (ಗಿಟಾರ್‌ನ ಕತ್ತು), ಜಾಗ ತಪ್ಪಿ ಕೂತ ಬ್ರಿಡ್ಜ್ (ದೇಹದ ಕಡೆ ತಂತಿಗಳು ಕೂರುವ ಭಾಗ), ಸತ್ತ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಸುರುಳಿ), ಇವನ್ನೆಲ್ಲ ಮಳೆಯ ತಲೆಗೆ ಕಟ್ಟುವುದು ಸರಿಯಲ್ಲ.

ಆದ್ದರಿಂದ ಕಂಡ ದೋಷ ಯಾವ ಗುಂಪಿನದು ಎಂದು ಮೊದಲು ಗೊತ್ತು ಮಾಡಿಕೊಳ್ಳಬೇಕು. ಹವೆಗೆ ಮರ ಆಡಿದ್ದಾದರೆ ಕಾಯಬೇಕು. ಸೆಟಪ್, ಅಂದರೆ ತಿರುಪುಗಳ ಹೊಂದಾಣಿಕೆ, ತಪ್ಪಿದ್ದಾದರೆ ಮನೆಯಲ್ಲೇ ಅಲೆನ್ ಕೀ ಹಿಡಿದು ಸರಿ ಮಾಡಬಹುದು. ಕಾರ್ಖಾನೆಯ ತಪ್ಪಾದರೆ ಗಿಟಾರ್ ವಾಪಸ್ ಹೋಗಬೇಕು, ಅದೂ ವಾಪಸಿನ ಗಡುವು ಮುಗಿಯುವ ಮೊದಲು.

ಬೆಲೆ ಜಾಸ್ತಿ ಇದ್ದರೆ ದೋಷ ಇರುವುದಿಲ್ಲ ಅಂದುಕೊಳ್ಳಬೇಡಿ. ನೀವು ಕೊಡುವ ದುಡ್ಡು ಮರಕ್ಕೆ, ಬಣ್ಣಕ್ಕೆ, ಬಿಡಿ ಭಾಗಗಳಿಗೆ, ಹೆಸರಿಗೆ ಹೋಗುತ್ತದೆ. ಫ್ರೆಟ್ (ನೆಕ್ ಮೇಲೆ ಅಡ್ಡಲಾಗಿ ಕೂತ ಲೋಹದ ಗೆರೆಗಳು) ಮಟ್ಟ ಮಾಡಲು ಜರ್ಮನಿಯ ಪ್ಲೆಕ್ ಎಂಬ ಕಂಪ್ಯೂಟರ್ ಯಂತ್ರವನ್ನೇ ಇಟ್ಟುಕೊಂಡ ಕಂಪನಿಗಳಿವೆ. ಅದು ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಯಂತ್ರದಿಂದ ಇಳಿದ ಮೇಲೆ ಗಿಟಾರ್ ಹಡಗಿನಲ್ಲಿ, ಗೋದಾಮಿನಲ್ಲಿ, ಅಂಗಡಿಯ ಅಟ್ಟದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ದುಬಾರಿ ಮಾಲು ಬೇಗ ಮಾರಾಟವಾಗುವುದಿಲ್ಲ ಎನ್ನುವುದೂ ಒಂದು ಕಾರಣ.

ಪೆಟ್ಟಿಗೆ ಬಂದ ದಿನ

ಕೊಡಗಿಗೆ ರೈಲಿಲ್ಲ. ಪೆಟ್ಟಿಗೆ ಏನಿದ್ದರೂ ಲಾರಿ, ವ್ಯಾನು ಬದಲಾಯಿಸಿಕೊಂಡು ರಸ್ತೆಯಲ್ಲೇ ಬರಬೇಕು. ಬಂದ ಕೂಡಲೇ ಬಿಚ್ಚಬೇಡಿ. ಒಂದು ದಿನ ಒಳಗಿನ ಕೋಣೆಯಲ್ಲಿ ಮುಚ್ಚಿದಂತೆಯೇ ಇಡಿ. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಹೊಡೆದ ಗಿಟಾರ್ ಆಗಿದ್ದರೆ ಇದು ಕಡ್ಡಾಯ. ಬಿಸಿಲಲ್ಲಿ ಕಾದ ವ್ಯಾನಿನಿಂದ ಮಡಿಕೇರಿಯ ಚಳಿಗೆ ದಿಢೀರ್ ಬಂದರೆ ಆ ಮೆರುಗಿನಲ್ಲಿ ಕೂದಲೆಳೆಯ ಬಿರುಕು ಬೀಳಬಹುದು.

ಬಿಚ್ಚುವಾಗ ಮೇಲಿನ ಚೀಟಿಯಿಂದ ಹಿಡಿದು ಗಿಟಾರ್ ಹೊರಬರುವವರೆಗೆ ಒಂದೇ ವಿಡಿಯೊ ಮಾಡಿ, ನಡುವೆ ನಿಲ್ಲಿಸಬೇಡಿ. ಆಮೇಲೆ ಟಾರ್ಚ್ ಹಿಡಿದು ತಲೆಯ ಹಿಂಭಾಗ, ಅಂದರೆ ನಟ್ ಪಟ್ಟಿಯ (ತಲೆಯ ಬುಡದಲ್ಲಿ ತಂತಿಗಳು ಹಾದುಹೋಗುವ ಸೀಳುಗಳ ಪಟ್ಟಿ) ಬೆನ್ನಿನ ಜಾಗ ನೋಡಿ. ಮಹಾಗನಿ ನೆಕ್ ಇದ್ದು ತಲೆ ಹಿಂದಕ್ಕೆ ವಾಲಿರುವ ಗಿಟಾರ್‌ಗಳು ಸಾಗಣೆಯಲ್ಲಿ ಮುರಿಯುವುದು ಇಲ್ಲೇ. ಟ್ರಸ್ ರಾಡ್‌ಗೆ (ನೆಕ್ಕಿನ ಬಾಗು ಸರಿ ಮಾಡುವ ಒಳಗಿನ ಕಂಬಿ) ಗುಳಿ ತೋಡಿ ಅಲ್ಲಿನ ಮರ ತೆಳುವಾಗಿರುತ್ತದೆ. ಗೆರೆ ಕಂಡರೆ ತಂತಿ ಬಿಗಿ ಮಾಡಲೇಬೇಡಿ, ಉಳಿದ ಪರೀಕ್ಷೆಯೂ ಬೇಡ. ಫೋಟೊ ತೆಗೆದು ಅವತ್ತೇ ಕಳಿಸಿ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಅರ್ಧ ಮಿಲಿಮೀಟರ್ ಗೆರೆ ಇರುವ ಸ್ಟೀಲ್ ಸ್ಕೇಲ್, ಕ್ಯಾಪೊ (ಎಲ್ಲ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್), ಟ್ಯೂನರ್, ಮಲ್ಟಿಮೀಟರ್, ಗೋಡೆಗೆ ತೂಗುಹಾಕುವ ಸಣ್ಣ ತೇವಮಾಪಕ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡುಗಳು) ಬೇಕಾದರೆ ಊರಿನ ಬೈಕ್ ಮೆಕ್ಯಾನಿಕ್ ಹತ್ತಿರ ಇರುತ್ತದೆ. ಅದೂ ಸಿಗದಿದ್ದರೆ 10ರ ಸೆಟ್‌ನ ಅತಿ ತೆಳು ತಂತಿಯ ತುಂಡೊಂದನ್ನು ಇಟ್ಟುಕೊಳ್ಳಿ. ಅದರ ದಪ್ಪ 0.010 ಇಂಚು, ಹೆಚ್ಚುಕಡಿಮೆ 0.25 ಮಿಲಿಮೀಟರ್. ನೆಕ್ಕಿನ ಬಾಗು ಅಳೆಯಲು ಬೇಕಾದ ಅಳತೆಯೂ ಅಷ್ಟೇ.

ಹವೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಗಿಟಾರ್ ಕಾರ್ಖಾನೆಗಳು ಒಳಗಿನ ತೇವವನ್ನು ಸಾಮಾನ್ಯವಾಗಿ ಶೇ. 45ರಿಂದ 50ರ ಆಸುಪಾಸಿನಲ್ಲಿ ಹಿಡಿದಿಡುತ್ತವೆ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ಭಾಗಮಂಡಲ, ನಾಪೋಕ್ಲು ಕಡೆಯ ಮನೆಯೊಳಗೆ ತೇವಮಾಪಕ ಇಟ್ಟು ನೋಡಿ, ಮುಳ್ಳು 85ರಿಂದ ಕೆಳಗಿಳಿಯುವುದೇ ಕಷ್ಟ. ಅದೇ ಮನೆಯಲ್ಲಿ ಫೆಬ್ರುವರಿ ಮಧ್ಯಾಹ್ನದ ಗಾಳಿ ಒಣಗಿರುತ್ತದೆ. ಕುಶಾಲನಗರದ ಕಡೆ ಮಳೆಯೇ ಕಡಿಮೆ. ಅಲ್ಲಿ ಸರಿಯಾಗಿದ್ದ ಗಿಟಾರ್ ಮಡಿಕೇರಿಗೆ ಬಂದು ಬೇರೆ ಥರ ಆಡಿದರೆ ಆಶ್ಚರ್ಯವಿಲ್ಲ. ಮಳೆಗಾಲದಲ್ಲಿ ಹಿಡಿದುಕೊಳ್ಳುವ ಹಳೆ ಮನೆಯ ಬಾಗಿಲು ಬೇಸಿಗೆಯಲ್ಲಿ ಸಡಿಲವಾಗುವುದಿಲ್ಲವೇ, ಇದೂ ಹಾಗೆಯೇ.

ಮರ ಹಿಗ್ಗುವುದು, ಕುಗ್ಗುವುದು ಎಳೆಗೆ ಅಡ್ಡಲಾಗಿ. ಉದ್ದಕ್ಕೆ ಆಗುವ ಬದಲಾವಣೆ ಲೆಕ್ಕಕ್ಕಿಲ್ಲ. ಹಾಗಾಗಿ ಒಣ ಹವೆಯಲ್ಲಿ ಫ್ರೆಟ್ ಬೋರ್ಡಿನ ಅಗಲ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ, ಅದರ ತುದಿ ಅಂಚಿನಿಂದ ಹೊರಗೆ ಇಣುಕುತ್ತದೆ. ಬೆರಳು ಜಾರಿಸಿದರೆ ಗರಗಸದ ಹಲ್ಲು ತಾಗಿದಂತಾಗುತ್ತದೆ. ಜುಲೈನಲ್ಲಿ ಕೊಂಡ ಗಿಟಾರ್‌ನಲ್ಲಿ ಇದು ಕಾಣದೆ ಫೆಬ್ರುವರಿಯಲ್ಲಿ ಕಾಣಿಸಿಕೊಳ್ಳಬಹುದು. ಆ ಹೊತ್ತಿಗೆ ವಾಪಸಿನ ಗಡುವು ಮುಗಿದು ಬರೀ ವಾರಂಟಿ ಉಳಿದಿರುತ್ತದೆ. ತುದಿ ಅಂಚಿಗೆ ಸಮವಾಗಿಯೇ ಇದ್ದು ಮೂಲೆ ಮಾತ್ರ ಚೂಪಾಗಿದ್ದರೆ ಅದು ಹವೆಯಲ್ಲ, ಅರ ಉಜ್ಜಿದವರು ಕೆಲಸ ಮುಗಿಸಿಲ್ಲ ಅಂತ ಅರ್ಥ.

ಪಕ್ಕಕ್ಕೆ ಒಂದು ಮಾತು. ಈ ದುಬಾರಿ ಗಿಟಾರ್‌ಗಳಲ್ಲಿ ಎಷ್ಟೋ ಫ್ರೆಟ್ ಬೋರ್ಡ್‌ಗಳು ನಮ್ಮ ಬೀಟೆ ಮರದವು. ಕಾಫಿ ತೋಟದಲ್ಲಿ ನೆರಳಿಗೆ ನಿಂತಿರುವ, ಅನುಮತಿ ಇಲ್ಲದೆ ಮುಟ್ಟುವಂತಿಲ್ಲದ ಅದೇ ಬೀಟೆ. 2017ರ ಜನವರಿಯಲ್ಲಿ ಆ ಜಾತಿಯ ಮರಗಳೆಲ್ಲ ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಗೆ ಬಂದಾಗ ಕೆಲವು ಕಂಪನಿಗಳು ಪಾವ್ ಫೆರೋದಂಥ ಬೇರೆ ಮರಕ್ಕೆ ಹೋದವು. ತಯಾರಾದ ವಾದ್ಯಗಳಿಗೆ 2019ರ ನವೆಂಬರ್‌ನಲ್ಲಿ ವಿನಾಯಿತಿ ಸಿಕ್ಕಿತು. ಹಾಗಾಗಿ ಬೋರ್ಡು ಕಂದು ಕಡಿಮೆಯಾಗಿ ಪೇಲವವಾಗಿದೆ ಎಂದು ದೂರುವ ಮೊದಲು ಅದು ಯಾವ ಮರ ಅಂತ ವಿವರದ ಚೀಟಿಯಲ್ಲಿ ನೋಡಿ. ಬೇರೆ ಮರ ಅಂದರೆ ದೋಷ ಅಲ್ಲ. ಚೀಟಿಯಲ್ಲಿ ಒಂದು ಮರ, ಗಿಟಾರ್‌ನಲ್ಲಿ ಇನ್ನೊಂದು ಇದ್ದರೆ ಮಾತ್ರ ಜಗಳ ಮಾಡಬಹುದು.

ಹವೆಯ ಅನುಮಾನ ಇದ್ದರೆ ಪರೀಕ್ಷೆ ಸುಲಭ. ತೇವಮಾಪಕ ಮತ್ತು ದೋಷ ಎರಡೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆಯಿರಿ. ಗಿಟಾರನ್ನು ಗಟ್ಟಿ ಕೇಸಿನಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿ, ಒಳಗೆ 50ರ ಸುತ್ತಮುತ್ತ ಬರುವಂತೆ ಒಂದು ವಾರ ಇಡಿ. ಆಮೇಲೆ ಮತ್ತೆ ಅಳೆಯಿರಿ. ಅಳತೆ ಸರಿಯಾದ ಕಡೆಗೆ ಬಂದರೆ ಹವೆ. ಕದಲದಿದ್ದರೆ ಹವೆಯ ನೆಪ ಅಲ್ಲಿಗೆ ಮುಗಿಯಿತು. ಅಗ್ಗಿಷ್ಟಿಕೆಯ ಹತ್ತಿರವೋ ಒಲೆಯ ಮೇಲಿನ ಅಟ್ಟದಲ್ಲೋ ಇಟ್ಟು ಒಣಗಿಸುವ ಐಡಿಯಾ ಬೇಡವೇ ಬೇಡ.

ಆ ವಾರ ಕಾಯುವಾಗ ಗಡುವು ಓಡುತ್ತಿರುತ್ತದೆ. ಆದ್ದರಿಂದ ಹವೆಗೆ ಸಂಬಂಧವೇ ಇಲ್ಲದ್ದನ್ನು ಮೊದಲ ದಿನವೇ ನೋಡಿಬಿಡಿ: ಬ್ರಿಡ್ಜ್ ಕೂತ ಜಾಗ, ನೆಕ್ ಸಾಲಾಗಿದೆಯೇ ಅನ್ನುವುದು, ಪಿಕಪ್ ಮತ್ತು ವೈರಿಂಗ್.

ಝರ್ ಸದ್ದು ಎಲ್ಲಿಂದ ಬರುತ್ತಿದೆ?

ದೂರುಗಳಲ್ಲಿ ಹೆಚ್ಚಿನವು ಇದರದ್ದೇ. ಸದ್ದು ಬಂತು ಅಂದ ಕೂಡಲೇ ಬ್ರಿಡ್ಜ್ ಎತ್ತರಿಸುವವರು ಜಾಸ್ತಿ. ಸದ್ದು ಹೋಗುತ್ತದೆ, ಕಾರಣ ಹಾಗೇ ಉಳಿಯುತ್ತದೆ, ನುಡಿಸುವವರ ಬೆರಳು ನೋಯುತ್ತದೆ. ಮೊದಲು ಸದ್ದು ಎಲ್ಲೆಲ್ಲಿ ಬರುತ್ತದೆ ಎಂದು ಪ್ರತಿ ತಂತಿಯ ಪ್ರತಿ ಫ್ರೆಟ್ ಒತ್ತಿ ಕಾಗದದಲ್ಲಿ ಗುರುತು ಹಾಕಿ. ಆ ನಕ್ಷೆಯೇ ಅರ್ಧ ಉತ್ತರ.

ಅದಕ್ಕೂ ಮೊದಲು ತಂತಿಯನ್ನು ಸರಿಯಾಗಿ ಶ್ರುತಿ ಮಾಡಿ. ತಂತಿ ತುಕ್ಕು ಹಿಡಿದಿದ್ದರೆ ಹೊಸದು ಹಾಕಿ. ಸಡಿಲ ತಂತಿಯಲ್ಲಿ ಮಾಡಿದ ಅಳತೆಗೆ ಅರ್ಥವಿಲ್ಲ.

ಬರೀ ತಂತಿ ಮೀಟಿದಾಗ ಮಾತ್ರ ಝರ್ ಅಂದು, ಒಂದನೇ ಫ್ರೆಟ್ ಒತ್ತಿದ ಮೇಲೆ ಸದ್ದು ಹೋದರೆ ತಪ್ಪು ನಟ್‌ನಲ್ಲಿದೆ. ಮೂರನೇ ಫ್ರೆಟ್ ಒತ್ತಿ ಹಿಡಿದು ಒಂದನೇ ಫ್ರೆಟ್ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. ಕೂದಲೆಳೆಯಷ್ಟು ಜಾಗ ಇರಬೇಕು. ಏನೂ ಇಲ್ಲದೆ ತಂತಿ ಫ್ರೆಟ್‌ಗೆ ಅಂಟಿ ಕೂತಿದ್ದರೆ ನಟ್‌ನ ಸೀಳನ್ನು ಆಳಕ್ಕೆ ಕೊರೆದಿದ್ದಾರೆ, ನಟ್ ಬದಲಾಯಿಸಬೇಕು. ಇದು ಕಾರ್ಖಾನೆಯ ತಪ್ಪು, ಹವೆಗೂ ಇದಕ್ಕೂ ಸಂಬಂಧವಿಲ್ಲ. ಜಾಗ ತುಂಬಾ ಇದ್ದರೆ ಝರ್ ಬರುವುದಿಲ್ಲ, ಬದಲಿಗೆ ಮೊದಲ ಮೂರು ಫ್ರೆಟ್‌ನ ಕಾರ್ಡ್‌ಗಳು (ಒಟ್ಟಿಗೆ ಮೀಟುವ ಸ್ವರಗುಚ್ಛ) ಶ್ರುತಿಯಿಂದ ಮೇಲೆ ಹೋಗುತ್ತವೆ. ದುಬಾರಿ ಗಿಟಾರ್‌ಗಳಲ್ಲಿ ಇದೇ ಜಾಸ್ತಿ. ಆಳವಾದರೆ ಕೆಟ್ಟಿತು ಅಂತ ಹೆದರಿ ಮೇಲೆಯೇ ಬಿಟ್ಟು ಕಳಿಸುತ್ತಾರೆ. ವಾಪಸ್ ಕಳಿಸುವಷ್ಟು ದೊಡ್ಡದಲ್ಲ, ಆದರೆ ಸರಿ ಮಾಡಿಸುವ ಖರ್ಚು ಅಂಗಡಿಯವರು ಕೊಡಲಿ ಅಂತ ಕೇಳುವುದು ನ್ಯಾಯ.

ಒಂದರಿಂದ ಐದನೇ ಫ್ರೆಟ್‌ವರೆಗೆ ಹೆಚ್ಚೂಕಡಿಮೆ ಎಲ್ಲ ತಂತಿಯಲ್ಲೂ ಝರ್ ಬಂದರೆ ನೆಕ್ ತೀರಾ ನೇರವಾಗಿದೆ ಅಥವಾ ಹಿಂದಕ್ಕೆ ಬಾಗಿದೆ. ಒಂದನೇ ಫ್ರೆಟ್‌ಗೆ ಕ್ಯಾಪೊ ಹಾಕಿ, ನೆಕ್ ದೇಹಕ್ಕೆ ಸೇರುವ ಕಡೆಯ ಫ್ರೆಟ್ಟನ್ನು ಒತ್ತಿ ಹಿಡಿಯಿರಿ. ಈಗ ತಂತಿಯೇ ನೇರ ಪಟ್ಟಿ. ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ 0.25 ಮಿಲಿಮೀಟರ್ ಆಸುಪಾಸು ಇರಬೇಕು. ನೀವು ಇಟ್ಟುಕೊಂಡ ತಂತಿ ತುಂಡು ಸರಾಗ ತೂರಬೇಕು, ಅಲ್ಲಾಡಬಾರದು. ಜಾಗವೇ ಇಲ್ಲದಿದ್ದರೆ ಟ್ರಸ್ ರಾಡ್ ಸಡಿಲಿಸಿ, ಜಾಸ್ತಿ ಇದ್ದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿ ಮಾಡಿ. ಒಂದು ಸಲಕ್ಕೆ ಕಾಲು ಸುತ್ತು ಸಾಕು. ಅಮೆರಿಕದಲ್ಲಿ ಮಾಡಿದ ಗಿಟಾರ್‌ಗಳಿಗೆ ಬೇಕಾದ್ದು ಇಂಚಿನ ಅಳತೆಯ ಕೀ. ಎಂಟನೇ ಒಂದು ಇಂಚಿನ ಜಾಗಕ್ಕೆ 3 ಮಿಲಿಮೀಟರಿನ ಕೀ ತುರುಕಿದರೆ ಒಳಗಿನ ಮೂಲೆಗಳು ಸವೆದು ದುಂಡಾಗುತ್ತವೆ, ಆಮೇಲೆ ಆ ತಪ್ಪು ನಿಮ್ಮದಾಗುತ್ತದೆ. ರಾಡ್ ಮುಟ್ಟುವ ಮೊದಲು ಅಂಗಡಿಗೆ ಒಂದು ಮೆಸೇಜ್ ಹಾಕಿ ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ.

ರಾಡ್ ತಿರುಗಿಸಿದರೂ ನೆಕ್ ಅಲುಗದಿದ್ದರೆ, ಅಥವಾ ಆಗಲೇ ಕೊನೆ ಮುಟ್ಟಿದ್ದರೆ, ಬಲ ಹಾಕಬೇಡಿ. ಹೊಸ ಗಿಟಾರ್‌ನ ರಾಡ್‌ಗೆ ಎರಡೂ ಕಡೆ ಓಡಾಡಲು ಜಾಗ ಇರಲೇಬೇಕು. ಇಲ್ಲವಾದರೆ ವಾಪಸ್. ಇದೇ ಅಳತೆಯನ್ನು ದಪ್ಪ ತಂತಿ, ತೆಳು ತಂತಿ ಎರಡರಲ್ಲೂ ಮಾಡಿ. ಒಂದು ಕಡೆ ಸರಿ ಇದ್ದು ಇನ್ನೊಂದು ಕಡೆ ಜಾಗವೇ ಇಲ್ಲ ಅಂದರೆ ನೆಕ್ ತಿರುಚಿದೆ. ಒಂದೇ ರಾಡ್ ಇರುವ ನೆಕ್‌ನಲ್ಲಿ ಅದನ್ನು ನೀವಾಗಲಿ, ಮೈಸೂರಿನ ರಿಪೇರಿಯವರಾಗಲಿ ರಾಡ್ ತಿರುಗಿಸಿ ಸರಿ ಮಾಡಲು ಬರುವುದಿಲ್ಲ.

ಒಂದೇ ಒಂದು ಜಾಗದಲ್ಲಿ ಝರ್ ಬಂದರೆ, ಉದಾಹರಣೆಗೆ ಎಂಟನೇ ಫ್ರೆಟ್ ಒತ್ತಿದಾಗ ಮಾತ್ರ, ತಪ್ಪು ಎಂಟರದ್ದಲ್ಲ, ಅದರ ಮುಂದಿನ ಒಂಬತ್ತರದ್ದು. ಅದು ಎದ್ದು ನಿಂತಿದೆ. ನೇರವಾದ ಪಟ್ಟಿಯೊಂದನ್ನು ಮೂರು ಫ್ರೆಟ್‌ಗಳ ಮೇಲೆ ಮಾತ್ರ ಕೂರುವಂತೆ ಇಟ್ಟು ಅಲ್ಲಾಡಿಸಿ. ತಕ್‌ತಕ್ ಅಂದರೆ ನಡುವಿನದು ಎತ್ತರ. ಮೊದಲ ಫ್ರೆಟ್‌ಗಳಿಗೆ ಎಟಿಎಂ ಕಾರ್ಡಿನ ಉದ್ದನೆಯ ಅಂಚು, ಏಳು ಎಂಟರ ಹತ್ತಿರ ಗಿಡ್ಡ ಅಂಚು ಸಾಕಾಗುತ್ತದೆ. ಅದಕ್ಕಿಂತ ಮೇಲೆ ಫ್ರೆಟ್‌ಗಳು ಹತ್ತಿರ ಹತ್ತಿರ ಇರುವುದರಿಂದ ಹಳೆ ಸ್ಟೀಲ್ ಸ್ಕೇಲಿನ ತುಂಡು ಬೇಕು. ಗೋಣಿಕೊಪ್ಪದ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಕತ್ತರಿಸಿ ಕೊಡುತ್ತಾರೆ, ಆದರೆ ಕಾರ್ಖಾನೆಯ ಅಂಚನ್ನೇ ಬಳಸಿ, ಕತ್ತರಿಸಿದ ಅಂಚನ್ನಲ್ಲ.

ಎತ್ತರದ ಫ್ರೆಟ್ ಸಿಕ್ಕಿದರೆ ಮರದ ತುಂಡಿನಿಂದ ಅದರ ಮೇಲೆ ಮೆಲ್ಲಗೆ ಒತ್ತಿ ನೋಡಿ. ಒತ್ತಿದಾಗ ಕೆಳಗಿಳಿದು ಬಿಟ್ಟಾಗ ಮೇಲೆ ಬಂದರೆ ಫ್ರೆಟ್ ತನ್ನ ಸೀಳಿನಲ್ಲಿ ಸಡಿಲವಾಗಿದೆ. ಅಲುಗದಿದ್ದರೆ ಮಟ್ಟ ಮಾಡುವಾಗಲೇ ಬಿಟ್ಟುಹೋಗಿದೆ. ಎರಡೂ ಕಾರ್ಖಾನೆಯ ಖಾತೆಗೇ. "ಸೆಟಪ್ ಮಾಡಿಸಿಕೊಳ್ಳಿ ಸರ್, ಸರಿ ಹೋಗುತ್ತೆ" ಅಂದರೆ ಒಪ್ಪಬೇಡಿ. ಸೆಟಪ್ ಅಂದರೆ ತಿರುಪು ತಿರುಗಿಸುವುದು, ಫ್ರೆಟ್ ಉಜ್ಜುವುದು ಬೇರೆ ಕೆಲಸ, ಬೇರೆ ಖರ್ಚು.

ಹನ್ನೆರಡರಿಂದ ಮೇಲೆ ಮಾತ್ರ ಝರ್ ಬಂದರೆ ನೆಕ್ ದೇಹಕ್ಕೆ ಸೇರುವ ಜಾಗದಲ್ಲಿ ಬೋರ್ಡು ಉಬ್ಬಿದೆ ಎಂದು ಅನುಮಾನಿಸಿ. ಇದು ಹವೆಗೂ ಆಗುತ್ತದೆ, ಹಾಗಾಗಿ ಮೇಲೆ ಹೇಳಿದ ಕೇಸಿನ ಪರೀಕ್ಷೆ ಇಲ್ಲಿ ಉಪಯೋಗ. ಎಲ್ಲ ಕಡೆಯೂ ಝರ್ ಅಂದರೆ ಮಾತ್ರ ಬ್ರಿಡ್ಜ್ ಎತ್ತರಿಸಿ. ಫೆಂಡರ್ ತನ್ನ ಗಿಟಾರ್‌ಗಳಿಗೆ ಹದಿನೇಳನೇ ಫ್ರೆಟ್ ಮೇಲೆ 1.6 ಮಿಲಿಮೀಟರ್ ಎತ್ತರ ಹೇಳುತ್ತದೆ. ಅಲ್ಲಿಂದ ಶುರು ಮಾಡಿ ನಿಮ್ಮ ಕೈಗೆ ಒಗ್ಗಿಸಿಕೊಳ್ಳಿ. ಸದ್ದು ಆಂಪ್‌ನಲ್ಲಿ (ಆಂಪ್ಲಿಫೈಯರ್) ಕೇಳದೆ ಬರೀ ಕಿವಿಗೆ ಮಾತ್ರ ಸ್ವಲ್ಪ ಕೇಳಿದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಝರ್ ಅನ್ನದೆ ಸ್ವರ ಬೇಗ ಸತ್ತುಹೋಗುವುದು ಬೇರೆ ವಿಷಯ. ತಿರುಪಿನಿಂದ ಜೋಡಿಸಿದ ನೆಕ್‌ಗಳಲ್ಲಿ ಯಾವುದೋ ಒಂದೆರಡು ಫ್ರೆಟ್ ಸುತ್ತ ಇದು ಸಾಮಾನ್ಯ. ನೆಕ್ ಆ ಸ್ವರದ ಕಂಪನವನ್ನು ತಾನೇ ನುಂಗುತ್ತದೆ. ಫ್ರೆಟ್ ಮಟ್ಟವಾಗಿದ್ದೂ ಹೀಗಾದರೆ ಯಾರೂ ಬದಲಿ ಕೊಡುವುದಿಲ್ಲ.

ಶ್ರುತಿ ನಿಲ್ಲದಿದ್ದರೆ

ಬಿರಡೆಯನ್ನು ಬಯ್ಯುವುದು ವಾಡಿಕೆ. ಹೊಸ ದುಬಾರಿ ಗಿಟಾರ್‌ನಲ್ಲಿ ಬಿರಡೆ ಕೆಟ್ಟಿರುವುದು ಅಪರೂಪ. ಶ್ರುತಿ ಏರಿಸುವಾಗ ಟಿಕ್ ಅಂತ ಸದ್ದು ಬಂದು ಸ್ವರ ಹಾರಿದರೆ ತಂತಿ ನಟ್‌ನ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಸೀಳಿಗೆ ಪೆನ್ಸಿಲ್ ಸೀಸ ತಿಕ್ಕಿ ನೋಡಿ. ಸರಿಯಾದರೆ ಕಾರಣ ಸಿಕ್ಕಿತು.

ಶ್ರುತಿ ನಿಂತರೂ ಮೇಲಿನ ಫ್ರೆಟ್‌ಗಳಲ್ಲಿ ಅಪಸ್ವರ ಬಂದರೆ ಹನ್ನೆರಡನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ತಾಗಿಸಿ ಮೀಟಿದ ಸ್ವರ) ಮತ್ತು ಒತ್ತಿದ ಸ್ವರ ಎರಡನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ್ದು ಮೇಲಿದ್ದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಸ್ಯಾಡಲ್ ತಿರುಪಿನ ಕೊನೆ ಮುಟ್ಟಿದರೂ ಸ್ವರ ಸೇರದಿದ್ದರೆ ಪಿಕಪ್ ಎತ್ತರ ನೋಡಿ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ತಂತಿಗೆ ತೀರಾ ಹತ್ತಿರ ಇದ್ದರೆ ಅಯಸ್ಕಾಂತ ತಂತಿಯನ್ನು ಎಳೆದು ಸ್ವರ ತೇಲಿದಂತೆ ಕೇಳಿಸುತ್ತದೆ. ಕೊನೆಯ ಫ್ರೆಟ್ ಒತ್ತಿದಾಗ 2 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಇಳಿಸಿ. ಆಮೇಲೂ ಸೇರದಿದ್ದರೆ ಬ್ರಿಡ್ಜ್ ತಪ್ಪು ಜಾಗದಲ್ಲಿದೆ. ನಟ್‌ನಿಂದ ಹನ್ನೆರಡನೇ ಫ್ರೆಟ್‌ಗೆ ಇರುವ ದೂರದ ಎರಡು ಪಟ್ಟು, ಅದಕ್ಕೆ ಸ್ವಲ್ಪ ಮೇಲೆ, ಸ್ಯಾಡಲ್ ಇರಬೇಕು. ಫೆಂಡರ್ ಮಾದರಿಯಲ್ಲಿ ಒಟ್ಟು 648 ಮಿಲಿಮೀಟರ್, ಗಿಬ್ಸನ್ ಮಾದರಿಯಲ್ಲಿ ಸುಮಾರು 628.

ಎರಡು ಅಂಚಿನ ತಂತಿಗಳು ಬೋರ್ಡಿನ ಅಂಚಿನಿಂದ ಸಮ ದೂರದಲ್ಲಿ ಇಲ್ಲದೆ ತೆಳು ತಂತಿ ಕೆಳಗೆ ಜಾರಿದರೆ ನೆಕ್ ಓರೆ ಕೂತಿದೆ. ತಿರುಪಿನ ನೆಕ್ ಆದರೆ ತಿರುಪು ಸ್ವಲ್ಪ ಸಡಿಲಿಸಿ ತಳ್ಳಿ ಮತ್ತೆ ಬಿಗಿ ಮಾಡಿದರೆ ಆಯಿತು. ಅಂಟಿಸಿದ ನೆಕ್ ಆದರೆ ಪೆಟ್ಟಿಗೆಗೆ ಹಾಕಿ.

ಗುಂಯ್ ಅನ್ನುವ ಸದ್ದು: ಗಿಟಾರ್‌ದೋ, ಮನೆಯದೋ

ಇಲ್ಲಿ ಒಂದು ಎಚ್ಚರಿಕೆ ಎಲ್ಲಕ್ಕಿಂತ ಮೊದಲು. ತಂತಿ ಮುಟ್ಟಿದಾಗ ಜುಂ ಅಂದರೆ, ಅಥವಾ ಟೆಸ್ಟರ್ ಹಿಡಿದಾಗ ಬೆಳಗಿದರೆ, ತಕ್ಷಣ ಆಂಪ್‌ನ ಪ್ಲಗ್ ಕೀಳಿ. ಅದು ಗಿಟಾರ್‌ನ ಗುಣಮಟ್ಟದ ಪ್ರಶ್ನೆಯೇ ಅಲ್ಲ. ಆಂಪ್‌ನ ಅಥವಾ ಮನೆಯ ಅರ್ಥಿಂಗ್ ಹೋಗಿದೆ, 230 ವೋಲ್ಟ್ ನಿಮ್ಮ ಕೈಗೆ ಬರಬಹುದು. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ದಾರಾ ನೋಡಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದರೂ ಅರ್ಥಿಂಗ್ ಕಳಪೆಯಾಗುತ್ತದೆ. ಎಲೆಕ್ಟ್ರಿಷಿಯನ್ ಬಂದು ನೋಡಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕುವವರೆಗೆ ನುಡಿಸಬೇಡಿ.

ಈಗ ಮಾಮೂಲಿ ಗುಂಯ್. ಸಿಂಗಲ್ ಕಾಯಿಲ್ ಪಿಕಪ್ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡಿಕೆಯನ್ನು ಹಿಡಿಯುವುದು ಸಹಜ ಗುಣ. ತಂತಿ ಮುಟ್ಟಿದಾಗ ಸದ್ದು ಇಳಿದರೆ ಗಿಟಾರ್‌ನ ಒಳ ಅರ್ಥ್ ಸರಿಯಾಗಿದೆ. ಮುಟ್ಟಿದರೂ ವ್ಯತ್ಯಾಸ ಆಗದಿದ್ದರೆ ಬ್ರಿಡ್ಜ್‌ಗೆ ಹೋಗುವ ವೈರ್ ಬಿಟ್ಟಿರಬಹುದು. ಕೇಬಲ್ ಸಿಕ್ಕಿಸಿ, ಇನ್ನೊಂದು ತುದಿಯ ಹೊರ ಕವಚಕ್ಕೂ ಬ್ರಿಡ್ಜ್‌ಗೂ ಮಲ್ಟಿಮೀಟರ್ ಹಿಡಿದು ಬೀಪ್ ಕೇಳಿ. ಬೀಪ್ ಬರದಿದ್ದರೆ ಕಾರ್ಖಾನೆಯ ಬೆಸುಗೆ ತಪ್ಪಿದೆ.

ಮನೆಯನ್ನು ಪರೀಕ್ಷೆಯಿಂದ ಹೊರಗಿಡುವ ದಾರಿ ಸುಲಭ. ಮೇನ್ ಸ್ವಿಚ್ ಆಫ್ ಮಾಡಿ, ಇನ್ವರ್ಟರ್ ಕೂಡ ಆಫ್ ಮಾಡಿ, ಬ್ಯಾಟರಿಯ ಹೆಡ್‌ಫೋನ್ ಆಂಪ್‌ನಲ್ಲಿ ನುಡಿಸಿ. ಸದ್ದು ಹೋದರೆ ಗಿಟಾರ್ ನಿರಪರಾಧಿ. ತೋಟದ ಮನೆಗಳಲ್ಲಿ ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ನುಡಿಸುವವರು ಇದನ್ನು ಖಂಡಿತ ಮಾಡಿ. ಶುದ್ಧ ಸೈನ್ ವೇವ್ ಅಲ್ಲದ ಅಗ್ಗದ ಇನ್ವರ್ಟರ್, ಫ್ಯಾನ್ ರೆಗ್ಯುಲೇಟರ್, ಕೆಲವು ಎಲ್‌ಇಡಿ ಬಲ್ಬು, ಇವೆಲ್ಲ ಎರಡು ಲಕ್ಷದ ಗಿಟಾರನ್ನೂ ಜೇನುಗೂಡು ಮಾಡಬಲ್ಲವು.

ಹಂಬಕರ್ (ಎರಡು ಸುರುಳಿಯ ಪಿಕಪ್) ಇರುವ ಗಿಟಾರ್ ಸಿಂಗಲ್ ಕಾಯಿಲ್‌ನಷ್ಟೇ ಗುಂಯ್ ಅಂದರೆ ಮಾತ್ರ ಅನುಮಾನ ಪಡಿ. ಮೊದಲು ಕಾಯಿಲ್ ಸ್ಪ್ಲಿಟ್ (ಒಂದೇ ಸುರುಳಿ ಬಳಸುವ) ಗುಂಡಿ ಎಳೆದಿದೆಯೇ ನೋಡಿ. ಇಲ್ಲವಾದರೆ ವಾಲ್ಯೂಮ್ ಪೂರ್ತಿ ಇಟ್ಟು ಕೇಬಲ್‌ನ ತುದಿಯಲ್ಲಿ ಓಮ್ ಅಳೆಯಿರಿ. ಹಳೆ ಮಾದರಿಯ ಹಂಬಕರ್ 7ರಿಂದ 9 ಕಿಲೋ ಓಮ್ ತೋರಿಸುತ್ತದೆ, ಜೋರಾದವು ಇನ್ನೂ ಹೆಚ್ಚು. ಅದರ ಅರ್ಧ ಬಂದರೆ ಒಂದು ಕಾಯಿಲ್ ಕೆಲಸಕ್ಕಿಲ್ಲ. 250 ಅಥವಾ 500 ಕಿಲೋ ಓಮ್ ಹತ್ತಿರ ಬಂದರೆ ನೀವು ಅಳೆಯುತ್ತಿರುವುದು ಪಾಟ್ (ವಾಲ್ಯೂಮ್ ಗುಂಡಿಯ ಕೆಳಗಿನ ಭಾಗ) ಮಾತ್ರ, ಪಿಕಪ್‌ನ ಸುರುಳಿ ಎಲ್ಲೋ ಕಡಿದಿದೆ. ಎರಡು ಪಿಕಪ್ ಒಟ್ಟಿಗೆ ಹಾಕಿದಾಗ ಸದ್ದು ತೆಳುವಾಗಿ ಮೂಗಿನಿಂದ ಬಂದಂತಾದರೆ ಒಂದರ ವೈರ್ ತಿರುಗುಮುರುಗಾಗಿದೆ. ಕೆಲವು ಮಾದರಿಗಳಲ್ಲಿ ಬೇಕೆಂದೇ ಹಾಗೆ ಮಾಡಿರುತ್ತಾರೆ, ವಿವರ ಓದಿ ನೋಡಿ.

ಪಾಟ್ ಕರಕರ ಅನ್ನುವುದು, ಸ್ವಿಚ್ ಬಿಟ್ಟುಬಿಟ್ಟು ಕೇಳುವುದು ನಮ್ಮ ಮಳೆಗಾಲದ ಕಾಣಿಕೆಯೂ ಆಗಿರಬಹುದು. ಹತ್ತಿಪ್ಪತ್ತು ಸಲ ಆಚೀಚೆ ತಿರುಗಿಸಿ. ಹೋದರೆ ಕಿಲುಬು ಅಷ್ಟೇ. ಮರುದಿನವೇ ಮತ್ತೆ ಬಂದರೆ ಬಿಡಿ ಭಾಗವನ್ನೇ ಕೇಳಿ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ನೆಕ್ ಕೂರುವ ಗುಳಿಯ ಮೂಲೆಯಲ್ಲಿ ಕೂದಲಗೆರೆ ಸಾಮಾನ್ಯವಾಗಿ ಬಣ್ಣದ್ದು, ಮರದ್ದಲ್ಲ. ನುಡಿಸಲು ಅಡ್ಡಿಯಿಲ್ಲ. ಆದರೂ ಹೊಸದರಲ್ಲಿ ಅದನ್ನು ಒಪ್ಪಬೇಕಾಗಿಲ್ಲ, ಬೆಲೆ ಇಳಿಸಿ ಅಂತ ಕೇಳಿ.

ದೂರು ಮತ್ತು ವಾಪಸಾತಿ

"ಸೌಂಡ್ ಸರಿಯಿಲ್ಲ" ಅಂತ ಬರೆದರೆ ಯಾರೂ ಕ್ಯಾರೇ ಅನ್ನುವುದಿಲ್ಲ. "ಒಂಬತ್ತನೇ ಫ್ರೆಟ್ ಎತ್ತರ, ಒಳಗಿನ ತೇವ 50, ವಿಡಿಯೊ ಇದೆ" ಅಂತ ಬರೆಯಿರಿ. ಅಂಗಡಿ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂಗಡಿ ಬೆಂಗಳೂರಿನದಾದರೂ ಮಡಿಕೇರಿಯ ಜಿಲ್ಲಾ ಆಯೋಗವೇ ಸಾಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಬಿಲ್ ಇಲ್ಲದೆ ಯಾರದೋ ಬ್ಯಾಗಿನಲ್ಲಿ ವಿದೇಶದಿಂದ ಬಂದ ಗಿಟಾರ್ ಆದರೆ ಈ ದಾರಿ ಕಷ್ಟ.

ವಾಪಸ್ ಕಳಿಸುವಾಗ ತಂತಿಗಳನ್ನು ಒಂದೆರಡು ಸ್ವರ ಇಳಿಸಿ. ನೆಕ್ ಕೆಳಗೆ ಮತ್ತು ತಲೆಯ ಸುತ್ತ ಬಟ್ಟೆ ತುಂಬಿ ಅಲುಗದಂತೆ ಮಾಡಿ. ಮಳೆಗಾಲವಾದರೆ ರಟ್ಟಿನ ಪೆಟ್ಟಿಗೆಯ ಹೊರಗೂ ಪ್ಲಾಸ್ಟಿಕ್ ಸುತ್ತಿ. ಕೊರಿಯರ್ ರಸೀದಿಯಲ್ಲಿ ಸರಣಿ ಸಂಖ್ಯೆ ಮತ್ತು ಪೂರ್ತಿ ಬೆಲೆ ಬರೆಸಿ, ವಿಮೆ ಕಟ್ಟಿ.